ಡೆಟ್ರಾಯಿಟ್ ರಸ್ತೆಯ ಉಪ್ಪು, ಕೃಷ್ಣಾ ದಂಡೆಯ ಸವಳು

ಪ್ರಶ್ನೆ: ಕಳೆದ ಚಳಿಗಾಲದಲ್ಲಿ ನಾನೂ ನನ್ನ ಮನೆಯವರೂ ಅಮೆರಿಕದ ಡೆಟ್ರಾಯಿಟ್ ಹತ್ತಿರ ಇರುವ ಮಗಳ ಮನೆಗೆ ಹೋಗಿ ಎರಡೂವರೆ ತಿಂಗಳು ಇದ್ದು ಬಂದೆವು. ಹಿಮ ಬಿದ್ದಾಗಲೆಲ್ಲ ದೊಡ್ಡ ಲಾರಿಗಳು ಹೊಲಕ್ಕೆ ಗೊಬ್ಬರ ಎರಚಿದಂತೆ ರಸ್ತೆಯುದ್ದಕ್ಕೂ ಉಪ್ಪು ಎರಚುತ್ತ ಹೋಗುತ್ತಿದ್ದವು. ಅಳಿಯ ಆಗಾಗ ಕಾರಿನ ಅಡಿಭಾಗ ತೊಳೆಸಿಕೊಂಡು ಬರುತ್ತಿದ್ದರು. ಕೇಳಿದರೆ, ‘ಈ ಉಪ್ಪು ಎಲ್ಲವನ್ನೂ ತಿಂದು ಹಾಕುತ್ತದೆ ಮಾವ’ ಎಂದರು. ನಾವು ದಿನವೂ ತಿನ್ನುವ ಉಪ್ಪು ತಾನೇ ಇದು? ಮಂಜು ಕರಗಿಸುವ ಶಕ್ತಿ ಅದಕ್ಕೆ ಎಲ್ಲಿಂದ ಬಂತು? ಕೆಡುಕಿದ್ದರೆ ಅಷ್ಟು ಮುಂದುವರಿದ ದೇಶ ಏಕೆ ಬಿಡುವುದಿಲ್ಲ? ಕೆಲವು ಕಡೆ ಬೀಟ್‌ರೂಟ್ ರಸ ಬೆರೆಸುತ್ತಾರೆಂದು ಕೇಳಿದೆ. ಹಾಗಾದರೆ ನಮ್ಮ ಕಾರ್ಖಾನೆಗಳ ಕಾಕಂಬಿಯೂ ಆದೀತೇ? ಇನ್ನೊಂದು: ಕೃಷ್ಣಾ ದಂಡೆಯ ನಮ್ಮ ಕಬ್ಬಿನ ಹೊಲದಲ್ಲಿ ಬೇಸಿಗೆಗೆ ಬೆಳ್ಳಗೆ ಏಳುವ ಸವಳೂ ಇದೇ ಉಪ್ಪೇ?
— ಓದುಗರು, ಜಮಖಂಡಿ ತಾಲ್ಲೂಕು

ಉತ್ತರ: ಕಡೆಯ ಪ್ರಶ್ನೆಗಾಗಿಯೇ ಉಳಿದವನ್ನು ಕೇಳಿದಿರೇನೋ ಎಂಬ ಅನುಮಾನ ನನಗಿದೆ. ಮೂವತ್ತು ವರ್ಷ ಮಣ್ಣು ಮತ್ತು ನೀರಿನ ಪರೀಕ್ಷೆಯಲ್ಲೇ ಕಳೆದವನು ನಾನು, ಸವಳಿನ ವಿಷಯ ಬಂದರೆ ಬೇಗ ಬಿಡುವವನಲ್ಲ. ಅದನ್ನು ಕೊನೆಗೇ ಇಡುತ್ತೇನೆ. ಮೊದಲು ಮಂಜಿನ ಮಾತು.

ಇದಕ್ಕೆ ಡೆಟ್ರಾಯಿಟ್‌ವರೆಗೆ ಹೋಗಬೇಕಿಲ್ಲ. ಬೆಳಗಾವಿಯಲ್ಲಿ ನಮ್ಮ ಓಣಿಯ ತಿರುವಿಗೆ ಬೇಸಿಗೆಯ ಸಂಜೆ ಮಟ್ಕಾ ಕುಲ್ಫಿಯ ಗಾಡಿ ಬಂದು ನಿಲ್ಲುತ್ತದೆ. ಕೆಂಪು ಬಟ್ಟೆ ಸುತ್ತಿದ ದೊಡ್ಡ ಮಡಕೆ, ಅದರೊಳಗೆ ಒಡೆದ ಬರ್ಫ, ಬರ್ಫದ ನಡುವೆ ಹಾಲು ತುಂಬಿ ಬಾಯಿ ಮುಚ್ಚಿದ ತಗಡಿನ ಅಚ್ಚುಗಳು. ಗಾಡಿಯವನು ಮೊಣಕಾಲ ಹತ್ತಿರದ ಚೀಲದಿಂದ ಹರಳುಪ್ಪನ್ನು ಬೊಗಸೆಯಲ್ಲಿ ತೆಗೆದು ಬರ್ಫದ ಮೇಲೆ ಸುರಿದು ಮಡಕೆಯನ್ನು ಎರಡೂ ಕೈಯಿಂದ ಹಿಡಿದು ಕುಲುಕುತ್ತಾನೆ. ಬರೀ ಬರ್ಫ ಸೊನ್ನೆ ಡಿಗ್ರಿಗಿಂತ ಕೆಳಗೆ ಇಳಿಯದು, ಅದರಲ್ಲಿ ಸಕ್ಕರೆ ಬೆರೆಸಿದ ಹಾಲು ಗಟ್ಟಿಯಾಗದು. ಉಪ್ಪು ಬಿದ್ದ ಕೂಡಲೇ ಬರ್ಫ ಕರಗತೊಡಗುತ್ತದೆ. ಕರಗಿದ ನೀರು ಮಾತ್ರ ಬರ್ಫಕ್ಕಿಂತಲೂ ತಣ್ಣಗಾಗುತ್ತದೆ. ಅದಕ್ಕೇ ಕುಲ್ಫಿ ಕಲ್ಲಾಗುತ್ತದೆ. ಕುತೂಹಲಕ್ಕೆ ಒಮ್ಮೆ ಆ ನೀರಿಗೆ ಬೆರಳು ಹಾಕಿ ನೋಡಿದೆ. ಸುಟ್ಟಂತಾಗಿ ತೆಗೆದೆ.

ಆ ಗಾಡಿಯಲ್ಲಿ ಇನ್ನೆರಡು ಸಂಗತಿಗಳನ್ನು ಗಮನಿಸಿದ್ದೇನೆ. ರಾತ್ರಿ ವ್ಯಾಪಾರ ಮುಗಿದ ಮೇಲೆ ಅವನು ಮಡಕೆಯ ಉಪ್ಪುನೀರನ್ನು ದಿನವೂ ಒಂದೇ ಜಾಗದಲ್ಲಿ, ಕಾಂಪೌಂಡಿನ ಬುಡದಲ್ಲಿ ಚೆಲ್ಲುತ್ತಾನೆ. ಮಳೆಗಾಲದಲ್ಲಿ ಸುತ್ತಲೂ ಮೊಣಕಾಲೆತ್ತರ ಹುಲ್ಲು ಬಂದರೂ ಅಲ್ಲಿ ಒಂದು ಪರಾತದಗಲ ನೆಲ ಬೋಳಾಗಿಯೇ ಇರುತ್ತದೆ. ಮಡಕೆ ಕೂರುವ ತಗಡನ್ನು ನಾನು ಕಂಡಂತೆ ಎರಡು ಸಲ ಬದಲಾಯಿಸಿದ್ದಾನೆ, ಎರಡೂ ಸಲ ಜಂಗು ಹಿಡಿದು ತೂತು ಬಿದ್ದಿತ್ತು. ನಿಮ್ಮ ಅಳಿಯ ಹೇಳಿದ್ದು ಇದನ್ನೇ. ಡೆಟ್ರಾಯಿಟ್‌ನಲ್ಲಿ ಮಡಕೆ ದೊಡ್ಡದು, ಅಷ್ಟೇ.

ಉಪ್ಪು ಮಂಜನ್ನು ಕರಗಿಸುವುದು ಬಿಸಿಯಿಂದಲ್ಲ. ಸೊನ್ನೆ ಡಿಗ್ರಿಯ ಹತ್ತಿರ ಇರುವ ಮಂಜುಗಡ್ಡೆಯ ಮೈ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ನೀರಿನ ಪದರ ಇರುತ್ತದೆ. ಗಡ್ಡೆಯಿಂದ ಕೆಲವು ಕಣಗಳು ಬಿಡಿಸಿಕೊಂಡು ಆ ನೀರಿಗೆ ಬರುತ್ತಿರುತ್ತವೆ, ನೀರಿನಿಂದ ಕೆಲವು ಮರಳಿ ಗಡ್ಡೆಗೆ ಸೇರುತ್ತಿರುತ್ತವೆ. ಹೋಗುವವರೂ ಬರುವವರೂ ಸಮವಾಗಿರುವ ಸಂತೆಯಂತೆ. ಉಪ್ಪು ಆ ಪದರದಲ್ಲಿ ಕರಗಿತೆಂದರೆ ಸೋಡಿಯಂ ಮತ್ತು ಕ್ಲೋರೈಡ್ ಎಂಬ ಎರಡು ಅಯಾನುಗಳಾಗಿ, ಅಂದರೆ ವಿದ್ಯುದಂಶವಿರುವ ಕಣಗಳಾಗಿ, ಒಡೆದು ನೀರಿನ ಕಣಗಳ ನಡುವೆ ಸೇರಿಕೊಳ್ಳುತ್ತವೆ. ಮರಳಿ ಗಡ್ಡೆ ಸೇರುವ ಕಣಗಳು ಕಡಿಮೆಯಾಗುತ್ತವೆ, ಬಿಟ್ಟು ಬರುವವು ಮಾತ್ರ ಹಾಗೇ ಬರುತ್ತವೆ. ಗಡ್ಡೆ ಸವೆಯುತ್ತದೆ. ಸವೆಯಲು ಬೇಕಾದ ಶಾಖವನ್ನು ನೆಲ, ಗಾಳಿ, ಬಿಸಿಲು, ಉರುಳುವ ಟೈರು ಒದಗಿಸುತ್ತವೆ. ಕುಲ್ಫಿ ಮಡಕೆಗೆ ಹೊರಗಿನ ಶಾಖ ಸುಲಭವಾಗಿ ಸಿಗದ ಕಾರಣ ಒಳಗಿನ ಹಾಲಿನಿಂದಲೇ ಎಳೆದುಕೊಳ್ಳುತ್ತದೆ.

ಅಡುಗೆಮನೆಯ ಉಪ್ಪು ತನ್ನ ಪೂರ್ತಿ ಬಲ ತೋರಿಸಿದರೆ, ಅಂದರೆ ದ್ರಾವಣದ ತೂಕದಲ್ಲಿ ನೂರಕ್ಕೆ ಸುಮಾರು 23 ಭಾಗ ಉಪ್ಪಿದ್ದರೆ, ನೀರು ಮೈನಸ್ 21 ಡಿಗ್ರಿ ಸೆಲ್ಸಿಯಸ್‌ವರೆಗೂ ಹೆಪ್ಪುಗಟ್ಟದು. ಇದು ಪ್ರಯೋಗಾಲಯದ ಲೆಕ್ಕ. ರಸ್ತೆಯ ಲೆಕ್ಕ ಬೇರೆ. ಮೈನಸ್ 1 ಡಿಗ್ರಿಯಲ್ಲಿ ಒಂದು ಕಿಲೋ ಉಪ್ಪು 46 ಕಿಲೋದಷ್ಟು ಮಂಜನ್ನು ಕರಗಿಸುತ್ತದೆ. ಮೈನಸ್ 7ಕ್ಕೆ ಇಳಿದರೆ ಅದೇ ಕಿಲೋದಿಂದ ಒಂಬತ್ತು ಕಿಲೋ ಕರಗುವುದೂ ಕಷ್ಟ. ಮೈನಸ್ 18ರಲ್ಲಿ ನಾಲ್ಕು ಕಿಲೋ ಕೂಡ ಇಲ್ಲ, ಅದಕ್ಕೂ ಗಂಟೆಗಟ್ಟಲೆ ಕಾಯಬೇಕು. ಆದ್ದರಿಂದ ಮೈನಸ್ 9–10ರ ಕೆಳಗೆ ಉಪ್ಪು ಎರಚುವುದು ಹೆಚ್ಚು ಕಡಿಮೆ ದುಡ್ಡು ಎರಚಿದಂತೆಯೇ. ಅಂಥ ಚಳಿಗೆ ಕ್ಯಾಲ್ಸಿಯಂ ಕ್ಲೋರೈಡ್ ಅಥವಾ ಮೆಗ್ನೀಸಿಯಂ ಕ್ಲೋರೈಡ್ ಬಳಸುತ್ತಾರೆ. ಅವು ಇನ್ನೂ ಕೆಳಗಿನ ತಾಪಮಾನದಲ್ಲಿ ಕೆಲಸ ಮಾಡುತ್ತವೆ, ಬೆಲೆಯೂ ಹೆಚ್ಚು. ಹೆಸರಿನ ಕೊನೆಯ ಪದವನ್ನು ಗಮನಿಸಿ: ಅಲ್ಲೂ ಕ್ಲೋರೈಡ್ ಇದ್ದೇ ಇದೆ. ಅದರ ಕಥೆಗೆ ಬರುತ್ತೇನೆ.

ರಸ್ತೆಗೆ ಉಪ್ಪು ಹಾಕುವುದು ಬಹಳ ಹಳೆಯ ಪದ್ಧತಿಯೇನೂ ಅಲ್ಲ. ಕುದುರೆ ಎಳೆಯುವ ಜಾರುಬಂಡಿಗಳ ಕಾಲದಲ್ಲಿ ಅಲ್ಲಿಯವರಿಗೆ ಹಿಮ ಬೇಕಾಗಿತ್ತು. ದೊಡ್ಡ ಉರುಳೆ ಎಳೆದು ರಸ್ತೆಯ ಹಿಮವನ್ನು ಒತ್ತಿ ಗಟ್ಟಿ ಮಾಡುತ್ತಿದ್ದರು. ಮೇಲೆ ಚಾವಣಿ ಇದ್ದ ಮರದ ಸೇತುವೆಗಳೊಳಗೆ ಹಿಮ ಬೀಳದು, ಆದ್ದರಿಂದ ಹೊರಗಿನಿಂದ ಹಿಮ ಹೊತ್ತು ತಂದು ಸೇತುವೆಯ ಹಲಗೆಗಳ ಮೇಲೆ ಹರಡುವುದಕ್ಕೆ ಆಳು ಇಡುತ್ತಿದ್ದರು! ಮೋಟಾರು ಕಾರು ಬಂದ ಮೇಲೆ ಎಲ್ಲ ತಿರುವುಮುರುವಾಯಿತು. 1938ರಲ್ಲಿ ನ್ಯೂ ಹ್ಯಾಂಪ್‌ಶೈರ್ ರಾಜ್ಯ ಪ್ರಯೋಗಕ್ಕೆಂದು ಉಪ್ಪು ಹಾಕಿ ನೋಡಿತು. ಎರಡನೆಯ ಮಹಾಯುದ್ಧದ ನಂತರ ಹೆದ್ದಾರಿಗಳು ಹೆಚ್ಚಿದವು. ಹಿಮ ಬಿದ್ದ ಕೆಲವೇ ಗಂಟೆಗಳಲ್ಲಿ ಡಾಂಬರು ಕಪ್ಪಗೆ ಕಾಣಬೇಕೆಂಬ ನಿರೀಕ್ಷೆ ಜನರಲ್ಲಿ ಬೇರೂರಿತು, ಉಪ್ಪೂ ಬೇರೂರಿತು.

ಈಗ ಅಮೆರಿಕವೊಂದರಲ್ಲೇ ಒಂದು ವರ್ಷಕ್ಕೆ ಸುಮಾರು ಎರಡು ಕೋಟಿ ಟನ್ ಉಪ್ಪು ರಸ್ತೆಗೆ ಬೀಳುತ್ತದೆ. ಅಂಕಿ ದೊಡ್ಡದಾಯಿತೆಂದರೆ ಮನಸ್ಸಿಗೆ ಹಿಡಿಯದು, ಹೀಗೆ ನೋಡಿ: 140 ಕೋಟಿ ಭಾರತೀಯರು ತಲೆಗೆ ದಿನಕ್ಕೆ 10 ಗ್ರಾಂ ಉಪ್ಪು ತಿಂದರೂ (ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು 5 ಗ್ರಾಂಗಿಂತ ಕಡಿಮೆ) ವರ್ಷಕ್ಕೆ ಸುಮಾರು 50 ಲಕ್ಷ ಟನ್ ಆದೀತು. ಅದರ ನಾಲ್ಕು ಪಟ್ಟನ್ನು ಅಲ್ಲಿ ಟೈರಿನಡಿ ಹಾಕುತ್ತಾರೆ. ನಿಮ್ಮ ಮಗಳ ಊರಿನವರಿಗೆ ದೂರದಿಂದ ತರಿಸುವ ಕಷ್ಟವೂ ಇಲ್ಲ. ಡೆಟ್ರಾಯಿಟ್ ನಗರದ ಕೆಳಗೆ, ಸುಮಾರು 350 ಮೀಟರ್ ಆಳದಲ್ಲಿ, ಪ್ರಾಚೀನ ಸಮುದ್ರವೊಂದು ಬತ್ತಿ ಉಳಿಸಿಹೋದ ಉಪ್ಪಿನ ಹಾಸು ಇದೆ. ನೂರು ವರ್ಷಕ್ಕೂ ಹೆಚ್ಚು ಕಾಲದಿಂದ ಅಲ್ಲಿ ಗಣಿಗಾರಿಕೆ ನಡೆದಿದೆ, ಈಗ ಮುಖ್ಯವಾಗಿ ರಸ್ತೆಗಾಗಿಯೇ. ಮೇಲೆ ನೀವು ಮೊಮ್ಮಕ್ಕಳೊಂದಿಗೆ ಹಿಮದಲ್ಲಿ ನಡೆಯುವಾಗ ಕೆಳಗೆ ಲೋಡರ್ ಯಂತ್ರಗಳು ಓಡಾಡುತ್ತಿದ್ದಿರಬಹುದು.

ಇನ್ನು ಕೆಡುಕು. ಜನ ಸಾಮಾನ್ಯವಾಗಿ ಮಾಡುವ ತಪ್ಪು ಒಂದಿದೆ. ವಸಂತದಲ್ಲಿ ರಸ್ತೆ ತೊಳೆದಂತೆ ಸ್ವಚ್ಛವಾದಾಗ ಉಪ್ಪು ‘ಹೋಯಿತು’ ಎಂದುಕೊಳ್ಳುತ್ತಾರೆ. ಉಪ್ಪು ಕರಗುತ್ತದೆ, ಹೋಗುವುದಿಲ್ಲ. ನೀರಿನಂತೆ ಆವಿಯಾಗದು, ಸಗಣಿಯಂತೆ ಕೊಳೆಯದು, ಸೂಕ್ಷ್ಮಜೀವಿಗಳು ಅದನ್ನು ತಿಂದು ಮುಗಿಸವು. ಅದರಲ್ಲೂ ತೂಕದಲ್ಲಿ ನೂರಕ್ಕೆ 60 ಭಾಗದಷ್ಟಿರುವ ಕ್ಲೋರೈಡನ್ನು ಮಣ್ಣು ಕೂಡ ಹಿಡಿದಿಟ್ಟುಕೊಳ್ಳುವುದಿಲ್ಲ. ನೀರು ಹೋದಲ್ಲಿ ಅದು ಹೋಗುತ್ತದೆ, ನೀರು ನಿಂತಲ್ಲಿ ನಿಲ್ಲುತ್ತದೆ. ಚರಂಡಿಯಿಂದ ಹಳ್ಳಕ್ಕೆ, ಹಳ್ಳದಿಂದ ಕೆರೆಗೆ, ಒಂದು ಪಾಲು ಅಂತರ್ಜಲಕ್ಕೆ. ಅಂತರ್ಜಲ ಸೇರಿದ್ದು ನಿಧಾನವಾಗಿ ವರ್ಷಗಟ್ಟಲೆ ಒಸರುತ್ತದೆ, ಆದ್ದರಿಂದಲೇ ಅಲ್ಲಿನ ಎಷ್ಟೋ ಹಳ್ಳಗಳು ಹಿಮದ ಸುಳಿವೇ ಇಲ್ಲದ ಜುಲೈ ತಿಂಗಳಲ್ಲೂ ಉಪ್ಪುಪ್ಪಾಗಿರುತ್ತವೆ.

ಎಷ್ಟು ಉಪ್ಪು ಹೆಚ್ಚು ಎಂಬುದಕ್ಕೆ ಒಂದು ಅಳತೆ. ಮನೆಯಲ್ಲಿ 15 ಲೀಟರಿನ ಕೊಡ ತುಂಬಿ ಒಂದು ಚಮಚ, ಅಂದರೆ 6 ಗ್ರಾಂನಷ್ಟು, ಉಪ್ಪು ಹಾಕಿ ಕಲಕಿ. ಕುಡಿದರೆ ‘ಏನೋ ಸ್ವಲ್ಪ ಸಪ್ಪೆ ಅಲ್ಲ’ ಎನ್ನಿಸೀತು, ಅಷ್ಟೇ. ಆ ನೀರಿನಲ್ಲಿ ಲೀಟರಿಗೆ ಸುಮಾರು 240 ಮಿಲಿಗ್ರಾಂ ಕ್ಲೋರೈಡ್ ಇರುತ್ತದೆ. ಸಿಹಿನೀರಿನ ಜೀವಿಗಳು ದೀರ್ಘಕಾಲ ಸುರಕ್ಷಿತವಾಗಿರಲು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 1988ರಲ್ಲಿ ಹಾಕಿದ ಗೆರೆ 230. ಕೆನಡಾ ಇನ್ನೂ ಬಿಗಿ, ಅದರ ಗೆರೆ 120. ನಮ್ಮ ನಾಲಿಗೆ ಗುರುತಿಸುವ ಮೊದಲೇ ಮೀನಿನ ಮರಿಗಳ ಆಹಾರವಾದ ಸಣ್ಣ ಜಲಚರಗಳು ತತ್ತರಿಸಿರುತ್ತವೆ. ಕೊಡಕ್ಕೆ ಒಂದು ಚಮಚದ ಲೆಕ್ಕದಲ್ಲಿ ಎರಡು ಕೋಟಿ ಟನ್ನಿಗೆ ಎಷ್ಟು ಕೊಡ ಬೇಕಾದೀತು, ನೀವೇ ಗುಣಿಸಿಕೊಳ್ಳಿ.

ಕೆರೆಗಳಲ್ಲಿ ಇನ್ನೊಂದು ವಿಚಿತ್ರ ನಡೆಯುತ್ತದೆ. ಚಳಿ ದೇಶದ ಆಳವಾದ ಕೆರೆಗಳು ವಸಂತದಲ್ಲೂ ಶರತ್ಕಾಲದಲ್ಲೂ ಮಗುಚಿಕೊಳ್ಳುತ್ತವೆ. ಮೇಲಿನ ನೀರು ಕೆಳಗಿಳಿದು ತಳಕ್ಕೆ ಆಮ್ಲಜನಕ ಒಯ್ಯುತ್ತದೆ, ಕೆರೆ ಉಸಿರು ತೆಗೆದುಕೊಳ್ಳುವುದೇ ಆಗ. ಉಪ್ಪುನೀರು ಭಾರ, ತಳದಲ್ಲೇ ಕೂರುತ್ತದೆ. ತಳ ಅತಿಭಾರವಾದರೆ ಕೆರೆ ಮಗುಚಿಕೊಳ್ಳುವುದೇ ಇಲ್ಲ. ನ್ಯೂಯಾರ್ಕ್ ರಾಜ್ಯದ ಆಡಿರಾಂಡಾಕ್ ಬೆಟ್ಟಗಳಲ್ಲಿ ಲೇಕ್ ಪ್ಲಾಸಿಡ್ ಎಂಬ ಊರಿದೆ, ಎರಡು ಸಲ ಚಳಿಗಾಲದ ಒಲಿಂಪಿಕ್ಸ್ ನಡೆದ ಊರು. ಆ ಊರ ನಡುವಿನ ಮಿರರ್ ಲೇಕ್ ಎಂಬ ಪುಟ್ಟ ಸರೋವರ ರಸ್ತೆಯ ಉಪ್ಪಿನಿಂದಾಗಿ ವಸಂತದಲ್ಲಿ ಸರಿಯಾಗಿ ಮಗುಚಿಕೊಳ್ಳದೆ ಹೋದದ್ದನ್ನು ವಿಜ್ಞಾನಿಗಳು ದಾಖಲಿಸಿದ್ದಾರೆ.

ನಿಮ್ಮ ಮಗಳ ಮಿಷಿಗನ್ ರಾಜ್ಯದ್ದೇ ಒಂದು ಪ್ರಕರಣ ಹೇಳದಿದ್ದರೆ ಉತ್ತರ ಅರ್ಧವಾದೀತು. 2014ರ ಏಪ್ರಿಲ್‌ನಲ್ಲಿ ಫ್ಲಿಂಟ್ ನಗರ ಖರ್ಚು ಉಳಿಸಲೆಂದು ಡೆಟ್ರಾಯಿಟ್‌ನ ನೀರು ಬಿಟ್ಟು ತನ್ನದೇ ಫ್ಲಿಂಟ್ ನದಿಯ ನೀರು ಬಳಸತೊಡಗಿತು. ಕೊಳವೆಗಳು ಸವೆಯದಂತೆ ಬೆರೆಸಬೇಕಿದ್ದ ರಾಸಾಯನಿಕವನ್ನು ಬೆರೆಸಲಿಲ್ಲ. ಹಳೆಯ ಕೊಳವೆಗಳ ಸೀಸ ನಲ್ಲಿಯಲ್ಲಿ ಬಂತು, ಮಕ್ಕಳ ರಕ್ತದಲ್ಲಿ ಸಿಕ್ಕಿತು. ಮುಖ್ಯ ತಪ್ಪು ಆಡಳಿತದ್ದೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ನದಿಯ ನೀರು ಲೋಹವನ್ನು ಅಷ್ಟು ಬೇಗ ಕಡಿಯಲು ಅದರಲ್ಲಿದ್ದ ಹೆಚ್ಚಿನ ಕ್ಲೋರೈಡ್ ಒಂದು ಕಾರಣ, ಆ ಕ್ಲೋರೈಡಿನ ಮೂಲಗಳಲ್ಲಿ ರಸ್ತೆಯ ಉಪ್ಪೂ ಒಂದು.

ಕಬ್ಬಿಣದ ವಿಷಯಕ್ಕೆ ಬರೋಣ. ಅಳಿಯ ಕಾರಿನ ಅಡಿಭಾಗ ತೊಳೆಸುವುದು ಶೋಕಿಗಲ್ಲ. ಉಪ್ಪುನೀರು ವಿದ್ಯುತ್ತನ್ನು ಚೆನ್ನಾಗಿ ಒಯ್ಯುತ್ತದೆ, ತುಕ್ಕು ಎಂಬುದು ಮೂಲತಃ ಸಣ್ಣ ಸಣ್ಣ ವಿದ್ಯುತ್ ಕೋಶಗಳ ಕೆಲಸ. ತಗಡಿನ ಬೆಸುಗೆಯ ಸಂದಿಗಳಲ್ಲಿ ಉಪ್ಪು ಕೂತರೆ ಗಾಳಿಯ ತೇವವನ್ನು ಎಳೆದುಕೊಂಡು ಒಣಗದೆ ಇರುತ್ತದೆ. ಬ್ರೇಕಿನ ಎಣ್ಣೆ ಹೋಗುವ ಉಕ್ಕಿನ ಕೊಳವೆ ಅಲ್ಲೇ ಹಾದುಹೋಗುತ್ತದೆ, ಅದು ತೂತಾದರೆ ಬರೀ ಅಂದಗೇಡಿನ ಮಾತಲ್ಲ.

ಸೇತುವೆಗಳಲ್ಲಿ ಇನ್ನೂ ಗುಟ್ಟಾಗಿ ನಡೆಯುತ್ತದೆ. ಕಾಂಕ್ರೀಟಿನೊಳಗೆ ಕ್ಷಾರ ಹೆಚ್ಚಿರುವುದರಿಂದ ಸರಳುಗಳ ಮೇಲೆ ತೆಳುವಾದ ರಕ್ಷಾ ಪದರ ತಾನಾಗಿಯೇ ಮೂಡಿರುತ್ತದೆ. ಕ್ಲೋರೈಡ್ ಸೂಕ್ಷ್ಮ ರಂಧ್ರಗಳಲ್ಲಿ ಇಳಿದಿಳಿದು ಸರಳನ್ನು ಮುಟ್ಟಿದ ದಿನ ಆ ಪದರ ಒಡೆಯುತ್ತದೆ. ತುಕ್ಕಾದ ಕಬ್ಬಿಣ ಮೊದಲಿದ್ದುದಕ್ಕಿಂತ ಎರಡರಿಂದ ಆರು ಪಟ್ಟು ಜಾಗ ಕೇಳುತ್ತದೆ. ಜಾಗ ಇಲ್ಲವಲ್ಲ, ಕಾಂಕ್ರೀಟನ್ನೇ ಒಳಗಿನಿಂದ ಸೀಳುತ್ತದೆ.

ಇದನ್ನು ನಾನು ಪುಸ್ತಕದಲ್ಲಿ ಓದಿ ಹೇಳುತ್ತಿಲ್ಲ. ವಿಜಯಪುರದಲ್ಲಿ ಪರಿಚಿತರೊಬ್ಬರ ಮನೆ ಕಟ್ಟಿ ಹತ್ತು ಹನ್ನೆರಡು ವರ್ಷವಾಗಿತ್ತಷ್ಟೇ. ಬಾಲ್ಕನಿಯ ಕೆಳಮೈಯಲ್ಲಿ ಮೊದಲು ಕಂದು ಗೆರೆ, ಆಮೇಲೆ ಬಿರುಕು, ಒಂದು ಮಧ್ಯಾಹ್ನ ಅಂಗೈಯಗಲದ ಚೂರು ಕಳಚಿ ಬಿತ್ತು. ಏಣಿ ಹತ್ತಿ ನೋಡಿದರೆ ಸರಳು ಒಣಗಿದ ಈರುಳ್ಳಿಯಂತೆ ಪದರು ಪದರಾಗಿ ಎದ್ದಿತ್ತು, ಉಗುರಿನಿಂದ ಕೆರೆದರೆ ಉದುರುತ್ತಿತ್ತು. ಗುತ್ತಿಗೆದಾರ ಕಾಂಕ್ರೀಟ್ ಕಲಸಿದ್ದು ಹಿತ್ತಲಿನ ಸವುಳು ಕೊಳವೆಬಾವಿಯ ನೀರಿನಿಂದ. ಅದೇ ಬಾವಿಯ ನೀರನ್ನು ಪರೀಕ್ಷಿಸಿದಾಗ ಕ್ಲೋರೈಡ್ ಮಿತಿ ಮೀರಿತ್ತು. ಭಾರತೀಯ ಮಾನಕ 456ರ ಪ್ರಕಾರ ಸರಳು ಹಾಕುವ ಕಾಂಕ್ರೀಟಿಗೆ ಬಳಸುವ ನೀರಿನಲ್ಲಿ ಕ್ಲೋರೈಡ್ ಲೀಟರಿಗೆ 500 ಮಿಲಿಗ್ರಾಂ ದಾಟಬಾರದು. ನೂರು ಜನ ಮನೆ ಕಟ್ಟಿಸಿದರೆ ನೀರು ಪರೀಕ್ಷೆ ಮಾಡಿಸುವವರು ನನಗೆ ಗೊತ್ತಿದ್ದಂತೆ ಇಬ್ಬರು ಮೂವರು. ಬಾಗಿಲಿನ ಸಾಗುವಾನಿ ಆರಿಸಲು ಮಾತ್ರ ಮೂರು ಊರು ಸುತ್ತುತ್ತಾರೆ. ಇರಲಿ.

ರಸ್ತೆ ಬದಿಯ ಮಣ್ಣಿನ ಮೇಲೆ ಕೆಡುಕು ಮಾಡುವುದು ಉಪ್ಪಿನ ಇನ್ನರ್ಧ, ಸೋಡಿಯಂ. ಜೇಡಿಯ ಕಣಗಳನ್ನು ಕ್ಯಾಲ್ಸಿಯಂ ಗುಂಪು ಗುಂಪಾಗಿ ಹಿಡಿದಿಟ್ಟಿರುತ್ತದೆ, ಆ ಗುಂಪುಗಳ ನಡುವಿನ ಸಂದಿಗಳಲ್ಲೇ ನೀರೂ ಗಾಳಿಯೂ ಓಡಾಡುವುದು. ಸೋಡಿಯಂ ಬಂದು ಕ್ಯಾಲ್ಸಿಯಂ ಅನ್ನು ಎಬ್ಬಿಸಿ ತಾನು ಕೂತರೆ ಗುಂಪು ಚದುರಿ ಸಂದಿಗಳೆಲ್ಲ ಮುಚ್ಚುತ್ತವೆ. ಒದ್ದೆಯಾದರೆ ಅಂಟು, ಒಣಗಿದರೆ ಇಟ್ಟಿಗೆ. ಎರೆ ಭೂಮಿಯವರಾದ ನಿಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮರಗಳು ನೀರಿದ್ದೂ ಬಾಯಾರುತ್ತವೆ, ಹೆದ್ದಾರಿ ಪಕ್ಕದ ಪೈನ್ ಮರಗಳ ಸೂಜಿಯೆಲೆಗಳು ರಸ್ತೆಯ ಕಡೆಗೆ ಮಾತ್ರ ಕಂದಾಗಿರುವುದನ್ನು ನೀವು ಕಂಡಿರಲೂಬಹುದು. ಬ್ರಿಟನ್ನಿನಲ್ಲಿ ಸಮುದ್ರ ದಂಡೆಯಲ್ಲಿ ಬೆಳೆಯುವ ಡೇನಿಶ್ ಸ್ಕರ್ವಿಗ್ರಾಸ್ ಎಂಬ ಸಣ್ಣ ಗಿಡ ಉಪ್ಪು ಹಾಕಿದ ಹೆದ್ದಾರಿಗಳ ಅಂಚು ಹಿಡಿದು ಒಳನಾಡಿಗೆಲ್ಲ ಹಬ್ಬಿದೆ, ಸಮುದ್ರವೇ ಊರೊಳಗೆ ಬಂದಿದೆ ಎಂದುಕೊಂಡಿರಬೇಕು ಪಾಪ. ಕೆನಡಾದಲ್ಲಿ ಮೂಸ್ ಎಂಬ ದೈತ್ಯ ಕಡವೆಗಳು ಉಪ್ಪಿನಾಸೆಗೆ ರಸ್ತೆಗೆ ಬಂದು ನಿಂತ ಕಾರುಗಳನ್ನೇ ನೆಕ್ಕುತ್ತವೆ. ಜಾಸ್ಪರ್ ರಾಷ್ಟ್ರೀಯ ಉದ್ಯಾನದಲ್ಲಿ ‘ಮೂಸ್‌ಗಳಿಗೆ ನಿಮ್ಮ ಕಾರು ನೆಕ್ಕಲು ಬಿಡಬೇಡಿ’ ಎಂದು ಫಲಕ ಹಾಕಬೇಕಾಯಿತು. ಓದಿದರೆ ನಗು ಬರುತ್ತದೆ, ಮಂಜು ಕವಿದ ರಸ್ತೆಯಲ್ಲಿ ಐನೂರು ಕಿಲೋ ತೂಕದ ಪ್ರಾಣಿ ಎದುರಾದರೆ ಬಾರದು.

ಹಾಗಾದರೆ ಏಕೆ ಬಿಡುವುದಿಲ್ಲ? ಮಂಜುಗಟ್ಟಿದ ರಸ್ತೆ ಕೊಲ್ಲುತ್ತದೆ, ಅದಕ್ಕೆ. ಆಂಬುಲೆನ್ಸ್ ಹೋಗಬೇಕು, ಶಾಲೆಯ ಬಸ್ ಹೋಗಬೇಕು, ಹಾಲಿನ ಲಾರಿ ಹೋಗಬೇಕು. ಉಪ್ಪಿನಷ್ಟು ಅಗ್ಗವಾಗಿ, ಅಷ್ಟು ಬೇಗ ಕೆಲಸ ಮಾಡುವುದು ಬೇರೊಂದಿಲ್ಲ. ಕೆನಡಾ ಸರ್ಕಾರ 2001ರಲ್ಲಿ ರಸ್ತೆ ಉಪ್ಪು ಪರಿಸರಕ್ಕೆ ಹಾನಿಕರ ಎಂಬ ತೀರ್ಮಾನಕ್ಕೆ ಬಂದರೂ ನಿಷೇಧಿಸಲಿಲ್ಲ, 2004ರಲ್ಲಿ ಬಳಕೆಯ ಸಂಹಿತೆಯೊಂದನ್ನು ತಂದಿತು. ನನ್ನ ದೃಷ್ಟಿಯಲ್ಲಿ ಅದೇ ಸರಿಯಾದ ದಾರಿ. ಕೆಡುಕಿಗೆ ಕಾರಣ ಉಪ್ಪು ಹಾಕುವುದಕ್ಕಿಂತ ಹೆಚ್ಚಾಗಿ ಅಳತೆಯಿಲ್ಲದೆ ಹಾಕುವುದು. ಹಿಮ ಬೀಳುವ ಮೊದಲೇ 23 ಪ್ರತಿಶತ ಉಪ್ಪುನೀರನ್ನು ರಸ್ತೆಗೆ ಸಿಂಪಡಿಸಿದರೆ ಹಿಮ ಡಾಂಬರಿಗೆ ಅಂಟುವುದೇ ಇಲ್ಲ, ನೇಗಿಲಲಗಿನ ಲಾರಿ ಸುಲಭವಾಗಿ ಸರಿಸುತ್ತದೆ. ಒಣ ಹರಳಿಗೆ ಉಪ್ಪುನೀರು ಚಿಮುಕಿಸಿ ಎರಚಿದರೆ ಅದು ಪುಟಿದು ಪಕ್ಕದ ಗಟಾರಕ್ಕೆ ಬೀಳದು. ಹೀಗೆ ಸಾಕಷ್ಟು ಉಪ್ಪು ಉಳಿಯುತ್ತದೆ.

ಬದಲಿಗಳ ವಿಷಯ ಬೇಗ ಮುಗಿಸುತ್ತೇನೆ, ಏಕೆಂದರೆ ಯಾವುದೂ ಪೂರ್ತಿ ಗೆದ್ದಿಲ್ಲ. ಮರಳು ಕರಗಿಸುವುದಿಲ್ಲ, ಹಿಡಿತ ಮಾತ್ರ ಕೊಡುತ್ತದೆ, ವಸಂತದಲ್ಲಿ ಗಟಾರ ತುಂಬಿ ಧೂಳೆಬ್ಬಿಸುತ್ತದೆ. ಫಿನ್ಲೆಂಡಿನಲ್ಲಿ ಅಂತರ್ಜಲ ಕಾಪಾಡಬೇಕಾದ ಕೆಲವು ಕಡೆ ಪೊಟ್ಯಾಸಿಯಂ ಫಾರ್ಮೇಟ್ ಬಳಸಿದ್ದಾರೆ, ಅದು ಬಲು ದುಬಾರಿ. ವಿಮಾನ ನಿಲ್ದಾಣಗಳ ರನ್‌ವೇಗೆ ಉಪ್ಪು ಹಾಕುವುದೇ ಇಲ್ಲ, ವಿಮಾನದ ಅಲ್ಯೂಮಿನಿಯಂಗೆ ಅದು ವೈರಿ.

ನಿಮ್ಮ ಕಾಕಂಬಿಯ ಪ್ರಶ್ನೆ ನನಗೆ ಬಹಳ ಹಿಡಿಸಿತು. ಅಲ್ಲಿ ಬೆರೆಸುವುದು ನಾವು ಪಲ್ಯ ಮಾಡುವ ಕೆಂಪು ಬೀಟ್‌ರೂಟಿನ ರಸವಲ್ಲ. ಸಕ್ಕರೆಗಾಗಿ ಬೆಳೆಯುವ ಬಿಳಿ ಬೀಟ್‌ನಿಂದ ಸಕ್ಕರೆ ತೆಗೆದ ಮೇಲೆ ಉಳಿಯುವ ಕಂದು ಪಾಕ, ಅಂದರೆ ಕಾಕಂಬಿಯ ಚಿಕ್ಕಪ್ಪನ ಮಗ. ಮಿಷಿಗನ್‌ನಲ್ಲೂ ಈ ಬೀಟ್ ಬೆಳೆಯುತ್ತಾರೆ. ಆ ಪಾಕವನ್ನು ಉಪ್ಪುನೀರಿಗೆ ಬೆರೆಸಿದರೆ ಉಪ್ಪು ರಸ್ತೆಗೆ ಅಂಟಿಕೊಳ್ಳುತ್ತದೆ, ಇನ್ನಷ್ಟು ಚಳಿಯಲ್ಲೂ ಹೆಪ್ಪುಗಟ್ಟದೆ ಉಳಿಯುತ್ತದೆ. ವಿಸ್ಕಾನ್ಸಿನ್ ರಾಜ್ಯದ ಕೆಲವು ಕಡೆ ಚೀಸ್ ತಯಾರಿಸಿ ಉಳಿದ ಉಪ್ಪುನೀರನ್ನೂ ರಸ್ತೆಗೆ ಬಳಸಿದ್ದಾರೆ. ಆದ್ದರಿಂದ ತತ್ತ್ವದಲ್ಲಿ ಮುಧೋಳ, ಗೋಕಾಕ ಸೀಮೆಯ ಕಾಕಂಬಿಯೂ ಆದೀತು. ಆದರೆ ನಮ್ಮ ಕಾಕಂಬಿಗೆ ಮದ್ಯಸಾರದ ಘಟಕಗಳಲ್ಲಿ ಒಳ್ಳೆಯ ಗಿರಾಕಿ ಇರುವಾಗ ಹಡಗು ಹತ್ತಿಸಿ ಹಿಮಕ್ಕೆ ಸುರಿಯುವವರು ಯಾರು? ಇನ್ನೊಂದು ತೊಡಕೂ ಇದೆ. ಸಕ್ಕರೆಯ ಅಂಶ ನೀರಿಗೆ ಸೇರಿದರೆ ಸೂಕ್ಷ್ಮಜೀವಿಗಳು ಅದನ್ನು ತಿನ್ನುತ್ತ ನೀರಿನ ಆಮ್ಲಜನಕವನ್ನೆಲ್ಲ ಉಸಿರಾಡಿ ಮುಗಿಸುತ್ತವೆ. ಸಕ್ಕರೆ ಕಾರ್ಖಾನೆಯ ಕೊಳಚೆ ಹಳ್ಳಕ್ಕೆ ಬಿದ್ದಾಗ ಮೀನು ಬೆಳ್ಳಗೆ ತೇಲುವುದನ್ನು ನಮ್ಮ ಕಡೆಯವರು ಕಂಡಿಲ್ಲವೇ, ಅದೇ ಕಾರಣ.

ಮಗಳಿಗೆ ಫೋನ್ ಮಾಡಿದಾಗ ಇಷ್ಟು ಹೇಳಿ. ಮೊದಲು ಸಲಿಕೆ, ಆಮೇಲೆ ಉಪ್ಪು. ಹಿಮ ಎತ್ತಿ ಹಾಕಿದ ಮೇಲೆ ಉಳಿದ ಜಾರಿಕೆಗೆ ಮಾತ್ರ ಉಪ್ಪು ಬೇಕು. ಇಪ್ಪತ್ತು ಅಡಿ ಉದ್ದದ ಕಾರಿನ ದಾರಿಗೆ ದೊಡ್ಡ ಕಾಫಿ ಮಗ್ ಒಂದರಷ್ಟು, ಅಂದರೆ ಅರ್ಧ ಕಿಲೋಗಿಂತ ಸ್ವಲ್ಪ ಕಡಿಮೆ ಸಾಕು. ಹರಳುಗಳ ನಡುವೆ ಎರಡು ಮೂರು ಬೆರಳು ಜಾಗ ಬಿಟ್ಟು ಬೀಳಬೇಕು, ರಂಗೋಲಿಯ ಚುಕ್ಕೆಯಂತೆ, ಅಕ್ಕಿಯ ರಾಶಿಯಂತಲ್ಲ. ಮೈನಸ್ ಹತ್ತರ ಕೆಳಗಿದ್ದರೆ ಉಪ್ಪು ಬಿಟ್ಟು ಮರಳು ಹಾಕಲಿ. ಒಣಗಿದ ಮೇಲೆ ನೆಲದಲ್ಲಿ ಹರಳು ಉಳಿದಿದ್ದರೆ ಗುಡಿಸಿ ಡಬ್ಬಿಗೆ ತುಂಬಿಟ್ಟರೆ ಮುಂದಿನ ಹಿಮಕ್ಕೆ ಆಗುತ್ತದೆ.

ಈಗ ನಿಮ್ಮ ಹೊಲ. ನೀವು ಕೇಳಿದ ಸವಳು ಡೆಟ್ರಾಯಿಟ್ ಉಪ್ಪಿನ ಹತ್ತಿರದ ನೆಂಟ, ಅದೇ ಅಲ್ಲ. ಅದರಲ್ಲಿ ಸೋಡಿಯಂ ಕ್ಲೋರೈಡ್ ಜೊತೆಗೆ ಸಲ್ಫೇಟು, ಕಾರ್ಬೊನೇಟುಗಳೂ ಕಲಸಿರುತ್ತವೆ. ಬರುವ ದಾರಿಯೂ ತಿರುವುಮುರುವು. ಅಲ್ಲಿ ಉಪ್ಪು ಮೇಲಿನಿಂದ ಬೀಳುತ್ತದೆ, ಇಲ್ಲಿ ಕೆಳಗಿನಿಂದ ಏಳುತ್ತದೆ. ಕಬ್ಬಿಗೆ ಕಾಲುವೆ ನೀರನ್ನು ಕೈಬಿಟ್ಟು ಹಾಯಿಸಿದ ವರ್ಷಗಳಲ್ಲಿ ನೆಲದಡಿಯ ನೀರಿನ ಮಟ್ಟ ಏರಿತು. ಎರೆ ಮಣ್ಣು ಬತ್ತಿಯಂತೆ ಆ ನೀರನ್ನು ಮೇಲಕ್ಕೆ ಎಳೆಯಿತು, ಬಿಸಿಲು ನೀರನ್ನಷ್ಟೇ ಒಯ್ದು ಉಪ್ಪನ್ನು ನಿಮಗೆ ಬಿಟ್ಟಿತು. ಅಥಣಿ, ರಾಯಬಾಗ, ಜಮಖಂಡಿ, ಮುಧೋಳ ಎಲ್ಲೆಲ್ಲಿ ನೀರಾವರಿ ಬಂದು ಬಸಿಗಾಲುವೆ ಬರಲಿಲ್ಲವೋ ಅಲ್ಲೆಲ್ಲ ಇದೇ ಪಾಡು. ವಿಜಯಪುರದ ಡೋಣಿ ನದಿಯ ಉಪ್ಪಂತೂ ಕಾಲುವೆಗಳಿಗಿಂತ ಹಳೆಯದು. ಆ ನದಿಯ ದಂಡೆಯ ಜೋಳ ಹೆಸರುವಾಸಿ, ಆದರೆ ನೀರು ಬಾಯಿಗಿಟ್ಟರೆ ಉಪ್ಪು.

ಔಷಧಿಯ ಅಂಗಡಿಗೆ ಹೋಗುವ ಮೊದಲು ಯಾವ ರೋಗ ಎಂದು ತಿಳಿಯಬೇಕು. ಮಣ್ಣಿನ ವಿದ್ಯುತ್ ವಾಹಕತೆ (ಉಪ್ಪು ಹೆಚ್ಚಿದಷ್ಟೂ ಇದು ಹೆಚ್ಚು) ಮೀಟರಿಗೆ 4 ಡೆಸಿಸೀಮನ್ಸ್ ದಾಟಿ, ರಸಸಾರ (pH) 8.5ರ ಒಳಗೂ, ಮಣ್ಣಿನ ಕಣಗಳು ಹಿಡಿದಿಟ್ಟುಕೊಂಡವುಗಳಲ್ಲಿ ಸೋಡಿಯಂ ಪಾಲು ನೂರಕ್ಕೆ 15ರ ಒಳಗೂ ಇದ್ದರೆ ಅದು ಬರೀ ಸವಳು. ಬಸಿಗಾಲುವೆ ತೋಡಿ, ಒಳ್ಳೆಯ ನೀರು ನಿಲ್ಲಿಸಿ ಉಪ್ಪನ್ನು ತೊಳೆದು ಹೊರಗೆ ಕಳಿಸಬೇಕು, ಜಿಪ್ಸಮ್ ಹಾಕಿ ಪ್ರಯೋಜನವಿಲ್ಲ. ರಸಸಾರ 8.5 ದಾಟಿ, ಸೋಡಿಯಂ ಪಾಲು ನೂರಕ್ಕೆ 15 ಮೀರಿದ್ದರೆ ಅದು ಕರಲು. ಆಗ ಜಿಪ್ಸಮ್‌ನ ಕ್ಯಾಲ್ಸಿಯಂ ಸೋಡಿಯಂ ಅನ್ನು ಎಬ್ಬಿಸಿ ಕಳಿಸುತ್ತದೆ, ಆದರೆ ಎದ್ದ ಸೋಡಿಯಂ ಹೊರಹೋಗಲು ಆಗಲೂ ಬಸಿಗಾಲುವೆ ಬೇಕೇ ಬೇಕು. ಅಕ್ಕಪಕ್ಕದ ನಾಲ್ಕು ಹೊಲದವರು ಒಟ್ಟಾಗದೆ ಇದು ಆಗುವ ಕೆಲಸವಲ್ಲ, ನಿಮ್ಮ ಬಸಿನೀರು ಕೆಳಗಿನವನ ಹೊಲದಲ್ಲಿ ನಿಂತರೆ ಮುಂದಿನ ಪ್ರಶ್ನೆ ಅವನಿಂದ ಬಂದೀತು.

ಮಾದರಿ ತೆಗೆಯುವುದು ಬೇಸಿಗೆಯಲ್ಲಿ, ನೀರು ಹಾಯಿಸುವ ಮೊದಲು. ಮೇಲಿನ ಬಿಳಿ ಹೊದಿಕೆ ಬೇರೆ, ಅದರ ಕೆಳಗೆ ಒಂದಡಿ, ಎರಡಡಿ, ಮೂರಡಿಗೆ ಒಂದೊಂದು ಅರ್ಧ ಕಿಲೋ ಬೇರೆ ಬೇರೆ. ಹೊಸ ಬಟ್ಟೆಯ ಚೀಲಕ್ಕೆ ತುಂಬಿ, ಹೊಲದ ಗುರುತನ್ನೂ ಆಳವನ್ನೂ ಬರೆದ ಚೀಟಿ ಇಡಿ. ಗೊಬ್ಬರದ ಹಳೆಯ ಚೀಲ ಬೇಡ, ಅಂಗಡಿಯ ಉಪ್ಪಿನ ಚೀಲವಂತೂ ಬೇಡವೇ ಬೇಡ. ನಾನು ಕೆಲಸದಲ್ಲಿದ್ದಾಗ ಒಬ್ಬರು ಹರಳುಪ್ಪಿನ ಖಾಲಿ ಚೀಲದಲ್ಲೇ ಮಣ್ಣು ತಂದಿದ್ದರು. ಅಂಕಿ ನೋಡಿ ನಮ್ಮ ಸಹಾಯಕ ಹುಡುಗ ಯಂತ್ರ ಕೆಟ್ಟಿದೆಯೆಂದು ಮೂರು ಸಲ ಒರೆಸಿದ, ನಾಲ್ಕನೆಯ ಸಲ ಚೀಲವನ್ನು ಮಗುಚಿ ನೋಡಿದ.